ಕರಾವಳಿ ಕರ್ನಾಟಕದ ಹಬ್ಬದಡುಗೆ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕಡಲಂಚಿನ ಊರುಗಳಲ್ಲಿ ಹಬ್ಬ, ವ್ರತ, ಪರ್ವಗಳಂದು ಮಾಡುವ ಅಡುಗೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ನವಾಯತಿ ಮಾತಾಡುವ ಅನೇಕ ಸಮುದಾಯಗಳ ಅಡುಗೆಮನೆಗಳು ಇದರಲ್ಲಿ ಸೇರಿವೆ. ಆಚರಣೆ ಬೇರೆ ಬೇರೆಯಾದರೂ ಒಲೆಯ ಮೇಲಿನ ಪಾತ್ರೆಯಲ್ಲಿ ಇರುವುದು ಬಹುಮಟ್ಟಿಗೆ ಒಂದೇ: ಅಕ್ಕಿ, ತೆಂಗು, ಬೆಲ್ಲ, ಮತ್ತು ಹಿತ್ತಿಲಲ್ಲಿ ಆ ವಾರ ಸಿಕ್ಕ ಎಲೆ.

ಇಲ್ಲಿ ಚಳಿಗಾಲವೆಂಬುದು ಹೆಸರಿಗೆ ಮಾತ್ರ. ಹಗಲಿನ ಉಷ್ಣತೆ ವರ್ಷದ ಬಹುಭಾಗ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಬೆಳಗ್ಗೆ ತುರಿದ ತೆಂಗಿನಕಾಯಿ ಸೆಕೆಗೆ ಸಂಜೆಯೊಳಗೆ ಹಳಸುತ್ತದೆ. ಕರಿದಿಟ್ಟ ಚಕ್ಕುಲಿ, ಡಬ್ಬದ ಮುಚ್ಚಳ ಸಡಿಲವಾಗಿದ್ದರೆ, ಮಳೆಗಾಲದ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಕರಾವಳಿಯ ಹಬ್ಬದೂಟ ಹೀಗೇಕಿದೆ ಎಂದು ತಿಳಿಯಬೇಕಾದರೆ ಯಾವ ದೇವರಿಗೆ ಯಾವ ನೈವೇದ್ಯ ಎಂಬ ಪಟ್ಟಿಗಿಂತ ಈ ಸೆಕೆ ಮತ್ತು ತೇವವನ್ನು ಮೊದಲು ನೋಡಬೇಕು. ಅಂದಂದೇ ಮಾಡಿ ಅಂದಂದೇ ಮುಗಿಸುವ ಹಬೆಯ ತಿಂಡಿಗಳು ಒಂದು ಕಡೆ. ನೀರಿನಂಶ ಪೂರ್ತಿ ಹೋಗುವಂತೆ ಕರಿದು, ಹುರಿದು, ಒಣಗಿಸಿ ಕೂಡಿಡುವ ತಿಂಡಿಗಳು ಇನ್ನೊಂದು ಕಡೆ. ಇವೆರಡರ ನಡುವಿನದು ಇಲ್ಲಿ ಕಡಿಮೆ. ಬಯಲುಸೀಮೆಯ ಹಬ್ಬಕ್ಕೆ ಹೋಳಿಗೆ ಹೇಗೋ ಕರಾವಳಿಯ ಹಬ್ಬಕ್ಕೆ ಕಡುಬು ಹಾಗೆ.

ದಿನನಿತ್ಯದ ಊಟ ಕುಚ್ಚಲಕ್ಕಿಯದು. ಹಬ್ಬಕ್ಕೆ ಬೆಳ್ತಿಗೆ (ಭತ್ತ ಬೇಯಿಸದೆ ಮಾಡಿದ ಬಿಳಿ) ಅಕ್ಕಿ ಬೇಕು. ರುಬ್ಬುವ ಕಲ್ಲಿಗೆ ಬೀಳುವುದೂ ಪಾಯಸಕ್ಕೆ ಇಳಿಯುವುದೂ ಇದೇ. ಮನೆಯಲ್ಲಿ ಬೆಳ್ತಿಗೆ ನೆನೆಹಾಕಿದರೆಂದರೆ ಮರುದಿನ ವಿಶೇಷವಿದೆ ಎಂದು ಮಕ್ಕಳಿಗೂ ತಿಳಿಯುತ್ತದೆ.

ಆಟಿಯ ಅಡುಗೆ

ತುಳುವರ ಆಟಿ ತಿಂಗಳು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹೊಲದ ಕೆಲಸ ಮುಗಿದಿರುತ್ತದೆ, ಕಣಜ ಖಾಲಿಯಾಗಿರುತ್ತದೆ, ಕಡಲಿಗೆ ದೋಣಿ ಇಳಿಯುವಂತಿಲ್ಲ. ಹಿಂದಿನವರಿಗೆ ಇದು ನಿಜವಾದ ಹಸಿವಿನ ತಿಂಗಳು. ಈ ತಿಂಗಳಲ್ಲಿ ಶುಭಕಾರ್ಯಗಳಿಲ್ಲ. ಆದರೆ ಕರಾವಳಿಯ ಅತ್ಯಂತ ಜಾಣ ಅಡುಗೆಗಳು ಹುಟ್ಟಿದ್ದು ಈ ಕೊರತೆಯಲ್ಲೇ. ತೋಟದ ಬದಿಯಲ್ಲಿ ತಾನಾಗಿ ಎದ್ದ ತಗಟೆ ಸೊಪ್ಪು (ತುಳುವಿನ ತಜಂಕ್), ಕೆಸು, ಬಿದಿರಿನ ಕಳಲೆ, ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಎಲ್ಲವೂ ಪಾತ್ರೆಗೆ ಬಂದವು.

ಆಟಿ ಅಮಾವಾಸ್ಯೆಯಂದು ನಸುಕಿನಲ್ಲಿ ಖಾಲಿ ಹೊಟ್ಟೆಗೆ ಹಾಲೆಮರದ (ತುಳುವಿನಲ್ಲಿ ಪಾಲೆ) ತೊಗಟೆಯ ರಸ ಕುಡಿಯುವುದು ವಾಡಿಕೆ. ಬೆಳಕು ಹರಿಯುವ ಮೊದಲು ಮರದ ಬಳಿ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುತ್ತಾರೆ. ಅದನ್ನು ಬೆಳ್ಳುಳ್ಳಿ, ಕಾಳುಮೆಣಸು, ಓಮದ ಜೊತೆ ಅರೆದು ಹಿಂಡಿ, ಕೆಂಡದಲ್ಲಿ ಕಾದು ಕೆಂಪಾದ ಬೆಣಚುಕಲ್ಲನ್ನು ಅದರೊಳಗೆ ಹಾಕಿ ಒಗ್ಗರಣೆ ಕೊಡುತ್ತಾರೆ. ರಸ ಬಾಯಿಗಿಡಲಾಗದಷ್ಟು ಕಹಿ. ಅದರ ಉಷ್ಣ ತಣಿಯಲೆಂದು ಹಿಂದೆಯೇ ಮೆಂತ್ಯದ ಗಂಜಿ, ತೆಂಗಿನ ಹಾಲು, ಬೆಲ್ಲ. ಮರದ ಗುರುತು ಬಲ್ಲವರೇ ತೊಗಟೆ ತರಬೇಕು. ಕತ್ತಲಲ್ಲಿ ಕಾಸರಕದಂಥ ವಿಷಮರದ ತೊಗಟೆ ಕೈಗೆ ಬಂದರೆ ಜೀವಕ್ಕೇ ಅಪಾಯ. ಹಳಬರು ಹಿಂದಿನ ದಿನ ಹಗಲಲ್ಲೇ ಮರ ನೋಡಿಟ್ಟುಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಆ ಶಿಸ್ತನ್ನು ಇಂದಿನವರು ಬಿಡಕೂಡದು.

ಆಟಿಯ ರಾಜತಿಂಡಿ ಪತ್ರೊಡೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು, ಹಸಿಯಾಗಿ ಉಳಿದರೆ ನಾಲಗೆ, ಗಂಟಲು ತುರಿಸುತ್ತವೆ. ಹುಣಸೆಯ ಹುಳಿ ಮತ್ತು ದೀರ್ಘಕಾಲದ ಹಬೆ ಈ ತುರಿಕೆಯನ್ನು ಅಡಗಿಸುತ್ತವೆ. ನೆನೆದ ಅಕ್ಕಿಯನ್ನು ಒಣಮೆಣಸು, ಕೊತ್ತಂಬರಿ, ಹುಣಸೆ, ಬೆಲ್ಲ, ತೆಂಗಿನ ಜೊತೆ ತರಿತರಿಯಾಗಿ ರುಬ್ಬಬೇಕು. ನುಣ್ಣಗಾದರೆ ಬೆಂದ ಮೇಲೆ ಅಂಟಾಗುತ್ತದೆ. ಎಲೆಯ ಬೆನ್ನಿನ ದಪ್ಪ ನಾರನ್ನು ಚೂರಿಯಿಂದ ಹೆರೆದು, ಎಲ್ಲಕ್ಕಿಂತ ದೊಡ್ಡ ಎಲೆಯನ್ನು ಬೆನ್ನು ಮೇಲಾಗಿ ಹಾಸಿ ಹಿಟ್ಟು ಸವರುತ್ತಾರೆ. ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು. ಹೀಗೆ ಐದಾರು ಪದರವಾದ ಮೇಲೆ ಎರಡೂ ಬದಿ ಮಡಚಿ, ಬಿಗಿಯಾಗಿ ಸುರುಳಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಹಬೆಗಿಡುತ್ತಾರೆ. ಒಂದು ಗಂಟೆ ಬೆಂದ ಸುರುಳಿಯನ್ನು ತಣಿದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದರೆ ಒಳಗೆ ಹಸಿರು ಗೆರೆಗಳ ಸುಳಿ ಕಾಣುತ್ತದೆ. ಕೆಲವರು ಹಾಗೇ ತೆಂಗಿನೆಣ್ಣೆ ಹಾಕಿ ತಿನ್ನುತ್ತಾರೆ, ಕೆಲವರು ಕಾವಲಿಯಲ್ಲಿ ಕೆಂಪಗೆ ಕಾಯಿಸುತ್ತಾರೆ, ಪುಡಿ ಮಾಡಿ ಬೆಲ್ಲ-ಕಾಯಿ ಬೆರೆಸುವವರಿದ್ದಾರೆ, ಗಸಿಗೆ ಹಾಕುವವರಿದ್ದಾರೆ. ಮರದ ಮೇಲೆ ಮಳೆಗಾಲದಲ್ಲಷ್ಟೇ ಚಿಗುರುವ ಮರಕೆಸುವಿನ ಪತ್ರೊಡೆಗೆ ಬೆಲೆ ಹೆಚ್ಚು. ಅದು ಸಿಗುವ ದಿನಗಳೂ ಕಡಿಮೆ.

ಕಳಲೆಯದು ಇನ್ನೊಂದು ಬಗೆಯ ಎಚ್ಚರ. ಹಸಿ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಬಿಡುವ ವಸ್ತುವಿದೆ. ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಆಮೇಲಷ್ಟೇ ಹೆಸರುಕಾಳಿನ ಜೊತೆ ಪದಾರ್ಥ ಮಾಡುತ್ತಾರೆ. ಪ್ರಯೋಗಾಲಯ ಹೇಳುವ ಮೊದಲೇ ಅಜ್ಜಿಯಂದಿರು ಇದನ್ನು ನಿಯಮವಾಗಿ ಪಾಲಿಸುತ್ತಿದ್ದರು.

ಎಲೆಯೊಳಗಿನ ಹಬ್ಬಗಳು

ನಾಗರಪಂಚಮಿಯಿಂದ ಕರಾವಳಿಯ ಹಬ್ಬಗಳ ಸಾಲು ಶುರು. ಮುಂಗಾರಿಗೆ ಮೊದಲು ನೆಟ್ಟ ಅರಿಶಿನ ಈ ಹೊತ್ತಿಗೆ ಅಗಲ ಎಲೆ ಬಿಟ್ಟಿರುತ್ತದೆ. ಎಲೆಯ ಮೇಲೆ ಅಕ್ಕಿಹಿಟ್ಟನ್ನು ತೆಳುವಾಗಿ ಸವರಿ, ಕಾಯಿ-ಬೆಲ್ಲದ ಹೂರಣ ಹರಡಿ, ಉದ್ದಕ್ಕೆ ಮಡಚಿ ಹಬೆಯಲ್ಲಿ ಬೇಯಿಸಿದರೆ ಅರಿಶಿನ ಎಲೆಯ ಕಡುಬು ಸಿದ್ಧ. ಕೊಂಕಣಿಯಲ್ಲಿ ಪಾತೋಳಿ. ಬೇಯುವಾಗಿನ ಘಮ ಬೀದಿಯವರೆಗೆ ಬರುತ್ತದೆ. ಇದೇ ತಿಂಡಿಯನ್ನು ಗೋವೆಯ ಕ್ಯಾಥೊಲಿಕರು ಆಗಸ್ಟ್ 15ರ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬಕ್ಕೆ ಮಾಡುತ್ತಾರೆ. ನಾಗನಿಗೂ ಮರಿಯಮ್ಮನಿಗೂ ಒಂದೇ ಎಲೆ ಒದಗಿದ್ದಕ್ಕೆ ಕಾರಣ ಸರಳ: ಎರಡೂ ಹಬ್ಬ ಬೀಳುವ ದಿನಗಳಲ್ಲಿ ಹಿತ್ತಿಲಲ್ಲಿ ಹೊಸದಾಗಿ ಬೆಳೆದು ನಿಂತಿರುವುದು ಅದೇ.

ಕೃಷ್ಣಾಷ್ಟಮಿಗೆ ಮೂಡೆ ಮತ್ತು ಕೊಟ್ಟೆ ಕಡುಬು. ಉಡುಪಿಯಲ್ಲಿ ಸೌರಮಾನದ ಸಿಂಹ ಮಾಸದ ಲೆಕ್ಕದಲ್ಲಿ ಅಷ್ಟಮಿ ಆಚರಿಸುವುದರಿಂದ ಕೆಲವು ವರ್ಷ ಉಳಿದ ಕಡೆಯ ಅಷ್ಟಮಿಗೂ ಇಲ್ಲಿಯದಕ್ಕೂ ತಿಂಗಳ ಅಂತರ ಬೀಳುತ್ತದೆ. ಅಷ್ಟಮಿಯ ದಿನ ಉಪವಾಸ, ನಡುರಾತ್ರಿ ಅರ್ಘ್ಯ. ಮರುದಿನ ವಿಟ್ಲಪಿಂಡಿ (ಮೊಸರುಕುಡಿಕೆಯ ಉತ್ಸವ). ಕೃಷ್ಣಮಠದಲ್ಲಿ ಉಂಡೆ-ಚಕ್ಕುಲಿ ರಾಶಿ ರಾಶಿಯಾಗಿ ತಯಾರಾಗಿ ಭಕ್ತರಿಗೂ ಶಾಲಾಮಕ್ಕಳಿಗೂ ಹಂಚಿಕೆಯಾಗುತ್ತದೆ.

ಮೂಡೆ ಕಟ್ಟುವುದು ಕೈಗೆ ಮುಳ್ಳು ಚುಚ್ಚಿಸಿಕೊಂಡೇ ಕಲಿಯಬೇಕಾದ ವಿದ್ಯೆ. ತೋಡಿನ ಬದಿಯಲ್ಲಿ ಬೆಳೆಯುವ ಮುಂಡೇವಿನ (ಕೇದಗೆ ಜಾತಿಯ) ಎಲೆಯ ಎರಡೂ ಅಂಚಿನಲ್ಲಿ, ಬೆನ್ನಿನ ನಡುನಾರಿನಲ್ಲಿ ಗರಗಸದ ಹಲ್ಲಿನಂಥ ಮುಳ್ಳು. ಮೂರು ಸಾಲನ್ನೂ ಚೂರಿಯಿಂದ ಸೀಳಿ ತೆಗೆದು, ಎಲೆಯನ್ನು ಕೆಂಡದ ಮೇಲೆ ಬಾಡಿಸುತ್ತಾರೆ. ಬಾಡಿದ ಎಲೆ ಹೇಳಿದಂತೆ ಕೇಳುತ್ತದೆ. ಅದನ್ನು ಬೆರಳುಗಳ ಸುತ್ತ ಓರೆಯಾಗಿ ಸುತ್ತುತ್ತ ಹೋದರೆ ಗೇಣುದ್ದದ ಕೊಳವೆಯಾಗುತ್ತದೆ. ತಳವನ್ನು ಒಳಕ್ಕೆ ಮಡಚಿ, ತುದಿಯನ್ನು ಮುಳ್ಳಿನಿಂದಲೋ ಹಿಡಿಸೂಡಿಯ ಕಡ್ಡಿಯಿಂದಲೋ ಚುಚ್ಚಿ ನಿಲ್ಲಿಸುತ್ತಾರೆ. ಸುತ್ತು ಸಡಿಲವಾದರೆ ಹಿಟ್ಟು ಸೋರುತ್ತದೆ. ಕೊಟ್ಟೆ ಇಷ್ಟು ಕಷ್ಟವಲ್ಲ: ನಾಲ್ಕು ಹಲಸಿನ ಎಲೆಗಳನ್ನು ತೊಟ್ಟು ಕೂಡಿಸಿ ಕಡ್ಡಿ ಚುಚ್ಚಿ ಬಟ್ಟಲು ಮಾಡಿದರಾಯಿತು.

ಎರಡಕ್ಕೂ ಒಳಗೆ ಹೋಗುವುದು ಉದ್ದು-ಅಕ್ಕಿಯ ಹುದುಗಿದ ಹಿಟ್ಟು. ಉದ್ದನ್ನು ನೊರೆ ಬರುವಂತೆ ರುಬ್ಬಿ ಅಕ್ಕಿತರಿ ಬೆರೆಸಿ ಇಟ್ಟರೆ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ಬೆಚ್ಚಗಿನ ವಾತಾವರಣದಲ್ಲಿ 8ರಿಂದ 12 ಗಂಟೆಯೊಳಗೆ ಕೆಲಸ ಮುಗಿಸುತ್ತವೆ. ಕರಾವಳಿಯ ರಾತ್ರಿಗಳೇ ಇದಕ್ಕೆ ಬೇಕಾದ ಬಿಸಿ ಒದಗಿಸುತ್ತವೆ. ಹಿಟ್ಟು ಉಬ್ಬಲು ಎಡೆಬೇಕೆಂದು ಮೂಡೆಯನ್ನು ಮುಕ್ಕಾಲಷ್ಟೇ ತುಂಬಿ, ತೊಂದುರಿನಲ್ಲಿ (ಹಬೆಯ ಪಾತ್ರೆ) ನಿಲ್ಲಿಸಿ ಬೇಯಿಸುತ್ತಾರೆ. ಹೆಚ್ಚಿದ ಹುಳಿ ಮತ್ತು ಮುಚ್ಚಿದ ಎಲೆಯಿಂದಾಗಿ ಮೂಡೆ ಮರುದಿನಕ್ಕೂ ಕೆಡದೆ ಉಳಿಯುತ್ತದೆ. ಹಬೆಯ ತಿಂಡಿಗಳಲ್ಲಿ ಈ ಗುಣ ಉಳಿದವಕ್ಕೆ ಅಷ್ಟಾಗಿ ಇಲ್ಲ. ಶಾಕಾಹಾರಿಗಳ ಮನೆಯಲ್ಲಿ ಇದಕ್ಕೆ ಬೆಲ್ಲ ಬೆರೆಸಿದ ಕಾಯಿಹಾಲು ಅಥವಾ ಸಾಂಬಾರು, ಇತರರಲ್ಲಿ ಕೋಳಿ ಗಸಿ.

ಹಲಸಿನ ಹಣ್ಣಿನ ಕಡುಬನ್ನು ಬಾಳೆ ಅಥವಾ ತೇಗದ ಎಲೆಯಲ್ಲಿ ಕಟ್ಟುತ್ತಾರೆ. ತೇಗದ ಎಲೆಯ ಕೆಂಪು ಬಣ್ಣ ಕಡುಬಿಗೆ ಇಳಿಯುತ್ತದೆ. ಎಲೆ ಇಲ್ಲಿ ಬರೀ ಅಚ್ಚಲ್ಲ, ಅದೂ ಒಂದು ಮಸಾಲೆ.

ಚೌತಿಗೆ ಪಂಚಕಜ್ಜಾಯ, ಅಪ್ಪ, ಮೋದಕ, ಚಕ್ಕುಲಿ. ಕೊಂಕಣಿಗರ ಮನೆಗಳಲ್ಲಿ ಗಣಪನಿಗೆ ಅರ್ಧಚಂದ್ರಾಕಾರದ ನೆವ್ರಿ. ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಚೌತಿಗೆ ಮುನ್ನ ಊರವರು ಮನೆಮನೆಯಲ್ಲಿ ಸೇರಿ ಕೈಚಕ್ಕುಲಿ ಸುತ್ತುವ ಚಕ್ಕುಲಿ ಕಂಬಳ ನಡೆಯುತ್ತದೆ. ಅಚ್ಚಿನ ಹಂಗಿಲ್ಲದೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಟ್ಟನ್ನು ಹುರಿಗೊಳಿಸುತ್ತ ಸುರುಳಿ ಇಳಿಸುವುದು, ಅದೂ ಹೆಚ್ಚಾಗಿ ಗಂಡಸರು, ನೋಡುವಂಥ ಕೆಲಸ.

ಹೊಸ ಅಕ್ಕಿ

ಸೆಪ್ಟೆಂಬರ್ ಹೊತ್ತಿಗೆ ತೆನೆ ಹಾಲುಗಟ್ಟಿರುತ್ತದೆ. ತುಳುವರು ತೆನೆ ತಂದು ಮನೆಯ ಕಂಬ, ಕಣಜ, ನೇಗಿಲಿಗೆ ಕಟ್ಟಿ, ಹೊಸ ಅಕ್ಕಿಯ ಊಟ (ಪುದ್ವಾರ್) ಮಾಡುತ್ತಾರೆ. ಮಂಗಳೂರು ಕಡೆಯ ಕ್ಯಾಥೊಲಿಕರಿಗೆ ಇದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಕನ್ಯೆ ಮರಿಯಮ್ಮನ ಹುಟ್ಟುಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನ ಜೊತೆ ಈ ಹಬ್ಬದ ಹೆಸರು ಬೆಸೆದುಕೊಂಡಿದೆ. ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಭತ್ತದ ಕಾಳುಗಳನ್ನು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಇದಕ್ಕೆ ನೊವೆಂ ಎನ್ನುತ್ತಾರೆ. ಅಂದಿನ ಊಟ ಪೂರ್ತಿ ಶಾಕಾಹಾರ, ಬಾಳೆಲೆಯಲ್ಲಿ, ಬೆಸಸಂಖ್ಯೆಯ ಪದಾರ್ಥಗಳು: ಮೂರು, ಐದು, ಏಳು ಅಥವಾ ಒಂಬತ್ತು. ಕೆಸುವಿನ ದಂಟು-ಹರಿವೆ, ಹಾಗಲ-ಅಂಬಟೆ, ಬೆಂಡೆ. ಹಂದಿಮಾಂಸಕ್ಕೆ ಹೆಸರಾದ ಈ ಸಮುದಾಯ ವರ್ಷದ ಅತ್ಯಂತ ಆಪ್ತ ಹಬ್ಬವನ್ನು ಹಿತ್ತಿಲ ತರಕಾರಿಯಲ್ಲಿ ಆಚರಿಸುತ್ತದೆ. ಊರಿನಲ್ಲಿಲ್ಲದ ಮಕ್ಕಳ ಪಾಲಿನ ನೊವೆಂ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ತಾಯಂದಿರು ಇದ್ದಾರೆ.

ದೀಪಾವಳಿಗೆ ಎಣ್ಣೆಸ್ನಾನ, ಅವಲಕ್ಕಿ. ಬಲೀಂದ್ರನನ್ನು ಕರೆಯುವ ಸಂಜೆ ಗದ್ದೆಯ ಬದಿಗೆ ದೀಪ, ಹೂ, ಅವಲಕ್ಕಿ ಹೋಗುತ್ತವೆ. ಮಾಡಿನ ಅಡಿಯಲ್ಲಿ ಬಳ್ಳಿಯಿಂದ ಕಟ್ಟಿ ತೂಗಹಾಕಿದ ಮಂಗಳೂರು ಸೌತೆ ತಿಂಗಳುಗಟ್ಟಲೆ ಉಳಿಯುತ್ತದೆ. ಈ ಸೌತೆಯ ಕಡುಬು, ದೋಸೆ ಈ ಹಬ್ಬದ ಗುರುತು. ಫೆಬ್ರವರಿಯಲ್ಲಿ ಬರುವ ಕೆಡ್ಡಸ ಭೂಮಿತಾಯಿ ಮೈನೆರೆಯುವ ಮೂರು ದಿನ. ಮಣ್ಣಿಗೆ ಗುದ್ದಲಿ ತಾಗಿಸುವುದಿಲ್ಲ. ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ಕಾಯಿ ಬೆರೆಸಿದ ನನ್ನೆರಿ ಈ ದಿನಗಳ ತಿಂಡಿ.

ಮಠದ ಪಾಕಶಾಲೆ

ಉಡುಪಿಯ ಅಷ್ಟಮಠಗಳ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಸೇರುವುದಿಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳು ಇನ್ನಷ್ಟು ಕಟ್ಟು: ಮೊದಲ ತಿಂಗಳು ತರಕಾರಿ ಇಲ್ಲ (ಶಾಕವ್ರತ), ಎರಡನೆಯದರಲ್ಲಿ ಮೊಸರಿಲ್ಲ (ದಧಿವ್ರತ), ಮೂರನೆಯದರಲ್ಲಿ ಹಾಲಿಲ್ಲ (ಕ್ಷೀರವ್ರತ), ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ (ದ್ವಿದಳವ್ರತ). ತಿಂಗಳಿಗೊಂದು ಆಧಾರವನ್ನೇ ಕೈಬಿಟ್ಟು ಸಾವಿರಾರು ಜನರ ಊಟ ರುಚಿ ಕೆಡದಂತೆ ನಡೆಸಿದ ಅಡಿಗೆ ಭಟ್ಟರ ಜಾಣ್ಮೆಯೇ ಮುಂದೆ ಉಡುಪಿ ಹೋಟೆಲುಗಳಿಗೆ ಬಂಡವಾಳವಾಯಿತು ಎಂದರೆ ತಪ್ಪಾಗದು.

ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಉತ್ಸವವನ್ನು ಅನ್ನದಾನದ ಕಣ್ಣಿನಿಂದ ನೋಡಿದರೆ ಅದು ದೀರ್ಘ ಸಿದ್ಧತೆಯ ಹಬ್ಬ. ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತದಲ್ಲಿ ಬಾಳೆಗಿಡ ನೆಡುತ್ತಾರೆ. ಊಟದ ಎಲೆಯೂ ಹಣ್ಣೂ ಬೇಕಲ್ಲ! ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತ ಹೀಗೆ ಒಂದೊಂದಕ್ಕೂ ಮುಹೂರ್ತ. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಪೇರಿಸುತ್ತಾರೆ. ಊರೂರಿನಿಂದ ಹೊರೆಕಾಣಿಕೆಯಾಗಿ ಅಕ್ಕಿ, ತೆಂಗು, ತರಕಾರಿ ಬರುತ್ತವೆ. ಮಟ್ಟು ಗ್ರಾಮದವರು ತರುವ ಗುಳ್ಳ ಬದನೆಗೆ ವಿಶೇಷ ಸ್ಥಾನ. ಮಾಧ್ವ ಯತಿ ವಾದಿರಾಜ ಸ್ವಾಮಿಗಳು ಕೊಟ್ಟ ಬೀಜದಿಂದ ಬಂದದ್ದೆಂದು ಊರವರು ನಂಬುವ ಈ ತಿಳಿಹಸಿರು, ತೆಳುಸಿಪ್ಪೆಯ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ವಾದಿರಾಜರ ಹೆಸರಿನ ಜೊತೆಯೇ ಬರುವ ಇನ್ನೊಂದು ನೈವೇದ್ಯ ಕಡಲೆಬೇಳೆ, ಬೆಲ್ಲ, ಕಾಯಿ, ತುಪ್ಪದ ಹಯಗ್ರೀವ.

ಕುಸ್ವಾರ್

ಕ್ರಿಸ್‌ಮಸ್ ಬರುವುದು ಕರಾವಳಿಯ ಒಣಹವೆಯ ದಿನಗಳಲ್ಲಿ. ಕೂಡಿಡುವ ತಿಂಡಿಗಳಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಡಿಸೆಂಬರ್‌ನಲ್ಲಿ ಕ್ಯಾಥೊಲಿಕ್ ಮನೆಗಳಲ್ಲಿ ತಯಾರಾಗುವ ತಿಂಡಿಗಳ ಒಟ್ಟು ಹೆಸರು ಕುಸ್ವಾರ್. ಎಳ್ಳು-ಕಾಯಿಯ ಹೂರಣದ ನೆವ್ರ್ಯೊ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ಅಕ್ಕಿಯ ಲಾಡು, ಗುಲಾಬಿ ಹೂವಿನಂಥ ಕೊಕ್ಕಿಸಾಂ, ಗೇರುಬೀಜದ ಮ್ಯಾಕರೂನ್, ಪ್ಲಮ್ ಕೇಕ್. ಚೌತಿಗೆ ಗಣಪನ ಮುಂದಿದ್ದ ನೆವ್ರಿ ಇಲ್ಲಿ ಗೋದಲಿಯ ಪಕ್ಕ ಇದೆ. 16ರಿಂದ 18ನೆಯ ಶತಮಾನದ ನಡುವೆ ಗೋವೆಯಿಂದ ವಲಸೆ ಬಂದ ಕುಟುಂಬಗಳು ಊರಿನ ಕರಿದ ತಿಂಡಿಗಳನ್ನೂ ಪೋರ್ಚುಗೀಸರಿಂದ ಕಲಿತ ಸಿಹಿಗಳನ್ನೂ ಒಂದೇ ತಟ್ಟೆಗೆ ತಂದವು. ಗೇರುಮರವೂ ಪೋರ್ಚುಗೀಸರ ಜೊತೆ ಬ್ರೆಜಿಲ್‌ನಿಂದ ಬಂದದ್ದೇ.

ಮಕ್ಕಳ ಪಾಲಿನ ಕೆಲಸ ಕಿಡಿಯೊ. ಮೈದಾ, ಮೊಟ್ಟೆ, ಕಾಯಿಹಾಲು, ಸಕ್ಕರೆಯ ಹಿಟ್ಟಿನ ಗೋಲಿಯನ್ನು ಹೊಸ ಬಾಚಣಿಗೆಯ ಮೇಲೋ ಮುಳ್ಳುಚಮಚದ ಬೆನ್ನಿನ ಮೇಲೋ ಒತ್ತಿ ಸುರುಳಿ ಸುತ್ತಿದರೆ ಮೈತುಂಬ ಗೆರೆ ಮೂಡುತ್ತದೆ. ಕೊಕ್ಕಿಸಾಂ ದೊಡ್ಡವರದು: ಉದ್ದ ಹಿಡಿಯ ಕಬ್ಬಿಣದ ಅಚ್ಚನ್ನು ಕಾದ ಎಣ್ಣೆಯಲ್ಲಿ ಬಿಸಿ ಮಾಡಿ, ಹಿಟ್ಟಿನಲ್ಲಿ ಅಂಚು ಮುಳುಗದಷ್ಟೇ ಅದ್ದಿ, ಮರಳಿ ಎಣ್ಣೆಗಿಟ್ಟು ಅಲುಗಿಸಬೇಕು. ಅಚ್ಚು ಸಾಕಷ್ಟು ಕಾಯದಿದ್ದರೆ ಹಿಟ್ಟು ಹಿಡಿಯದು, ಅಂಚು ಮುಳುಗಿದರೆ ಹೂ ಬಿಡದು. ತಯಾರಾದ ತಿಂಡಿ ಗಾಳಿಯಾಡದ ಡಬ್ಬ ಸೇರಿ, ಹಬ್ಬದ ಹೊತ್ತಿಗೆ ತಟ್ಟೆಯಲ್ಲಿ ಜೋಡಿಸಿ ಕಸೂತಿ ಬಟ್ಟೆ ಮುಚ್ಚಿ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗುತ್ತದೆ. ಹಬ್ಬದ ಊಟಕ್ಕೆ ಶೇಂದಿ ಹಾಕಿ ಹುದುಗಿಸಿದ ಸಾನ್ನಾಂ, ಹಂದಿಮಾಂಸದ ಬಫಾತ್.

ಈದ್ ಮತ್ತು ಬಿಸು

ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ಈದ್ ಒಮ್ಮೆ ಜಡಿಮಳೆಯಲ್ಲಿ, ಕೆಲವು ವರ್ಷ ಕಳೆದು ಬಿರುಬಿಸಿಲಿನಲ್ಲಿ ಬರುತ್ತದೆ. ಕರಾವಳಿಯ ಉಳಿದ ಹಬ್ಬಗಳಂತೆ ಇದು ಒಂದು ಎಲೆಯನ್ನೋ ತೆನೆಯನ್ನೋ ನೆಚ್ಚಿಕೊಳ್ಳುವಂತಿಲ್ಲ. ಬ್ಯಾರಿಗಳ ಈದ್ ಊಟ ವರ್ಷವಿಡೀ ಸಿಗುವ ಅಕ್ಕಿ, ತೆಂಗು, ಮಾಂಸದ ಮೇಲೆ ನಿಂತಿದೆ: ಅಕ್ಕಿಹಿಟ್ಟಿನ ತೆಳು ಪತ್ತಿರ್, ಹಬೆಯ ಪಿಂಡಿ, ತುಪ್ಪದನ್ನ, ಬಿರಿಯಾನಿ. ಭಟ್ಕಳದ ನವಾಯತರದು ಈರುಳ್ಳಿ ಧಾರಾಳವಾಗಿ ಬೀಳುವ ಬಿರಿಯಾನಿ. ಅನ್ನದ ಬದಲು ಶಾವಿಗೆ ಬಳಸಿ ಮಾಡುವ ಬಿರಿಯಾನಿಯೂ ಅವರದೇ ವಿಶೇಷ.

ಏಪ್ರಿಲ್ ನಡುವಿನ ಬಿಸು ತುಳುವರ ಹೊಸ ವರ್ಷ. ಬೆಳಗ್ಗೆ ಎದ್ದೊಡನೆ ನೋಡುವ ಕಣಿಯಲ್ಲಿ ಅಕ್ಕಿ, ತೆಂಗಿನಕಾಯಿ, ಅಡಿಕೆ, ವೀಳ್ಯ, ಕನ್ನಡಿಯ ಜೊತೆ ಆಗ ಸಿಗುವ ಹಣ್ಣು-ತರಕಾರಿಗಳೆಲ್ಲ ಇರುತ್ತವೆ. ಊಟಕ್ಕೆ ಎಳೆ ಹಲಸಿನ (ಗುಜ್ಜೆ) ಪಲ್ಯ, ಕಾಟುಮಾವಿನ ಹಣ್ಣಿನ ಗೊಜ್ಜು, ತೊಂಡೆಕಾಯಿಗೆ ಹಸಿ ಗೇರುಬೀಜ, ಹೆಸರುಬೇಳೆ ಪಾಯಸಕ್ಕೂ ಅದೇ ಬೀಜ. ಹಸಿ ಬೀಜದ ಸಿಪ್ಪೆಯ ಸೊನೆ ಬೆರಳು ಸುಡುವುದರಿಂದ ಬಿಡಿಸುವವರು ಕೈಗೆ ಎಣ್ಣೆ ಸವರಿಕೊಳ್ಳುತ್ತಾರೆ. ಇದೇ ಬಿಸಿಲಿನಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ, ಮಾಂಬಳ (ಮಾವಿನ ರಸದ ಹಾಳೆ) ಒಣಗುತ್ತವೆ. ಮುಂದಿನ ಆಟಿಗೆ ಇವು ಬೇಕು.

ಈಗಿನ ಸ್ಥಿತಿ

ಅಷ್ಟಮಿಗೆ ಮುನ್ನ ಉಡುಪಿಯ ರಥಬೀದಿಯಲ್ಲೂ ಮಂಗಳೂರಿನ ಮಾರುಕಟ್ಟೆಯಲ್ಲೂ ಕಟ್ಟಿದ ಮೂಡೆ, ಕೊಟ್ಟೆಗಳು ಮಾರಾಟಕ್ಕೆ ಬರುತ್ತವೆ. ಮನೆಯಲ್ಲಿ ಕಟ್ಟುವವರು ಕಡಿಮೆಯಾದರೂ ಇದರಿಂದ ಎಲೆಯ ಪರಿಮಳ ಉಳಿದಿದೆ. ಎಲೆ ಸಿಗದ ಕಡೆ ಸ್ಟೀಲ್ ಲೋಟದಲ್ಲಿ ಹಿಟ್ಟು ಹೊಯ್ದು ಬೇಯಿಸುವುದುಂಟು. ಅದು ಉದ್ದದ ಇಡ್ಲಿಯಾಗುತ್ತದೆ, ಮೂಡೆಯಾಗುವುದಿಲ್ಲ. ತೋಡುಗಳಿಗೆ ಕಾಂಕ್ರೀಟ್ ದಂಡೆ ಕಟ್ಟುತ್ತ ಹೋದಂತೆ ಮುಂಡೇವಿನ ಪೊದೆಗಳಿಗೆ ಜಾಗವೇ ಇಲ್ಲವಾಗಿದೆ. ಈ ಅಡುಗೆ ಉಳಿಯಬೇಕಾದರೆ ಪಾಕಪುಸ್ತಕಕ್ಕಿಂತ ಮೊದಲು ಆ ಪೊದೆಗಳು ಉಳಿಯಬೇಕು.

ಆಟಿಯ ಅಡುಗೆಗೆ ಮಾತ್ರ ಹೊಸ ಗೌರವ ಬಂದಿದೆ. ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂಬ ಹೆಸರಿನಲ್ಲಿ ಸಂಘಸಂಸ್ಥೆಗಳು, ಕಾಲೇಜುಗಳು ಊರಲ್ಲೂ ಮುಂಬಯಿ, ಕೊಲ್ಲಿ ದೇಶಗಳಲ್ಲೂ ಪತ್ರೊಡೆ, ತಜಂಕ್, ಕಳಲೆಗಳ ಊಟ ಏರ್ಪಡಿಸುತ್ತವೆ. ಕಷ್ಟದ ದಿನಗಳ ಊಟವನ್ನು ಮೊಮ್ಮಕ್ಕಳು ಸಾಲಿನಲ್ಲಿ ನಿಂತು ಬಡಿಸಿಕೊಳ್ಳುತ್ತಿದ್ದಾರೆ. ಮುಂಬಯಿಯ ಮನೆಗಳಲ್ಲಿ ಬಾಲ್ಕನಿಯ ಕುಂಡದಲ್ಲಿ ಅರಿಶಿನ ಬೆಳೆಸುವವರಿದ್ದಾರೆ. ಮೇ ಕೊನೆಗೆ ನಾಲ್ಕಾರು ಗಡ್ಡೆ ನೆಟ್ಟರೆ ನಾಗರಪಂಚಮಿಗೆ ಒಂದು ಮನೆಯ ಕಡುಬಿಗೆ ಸಾಲುವಷ್ಟು ಎಲೆ ಸಿಗುತ್ತದೆ.